ನಾಲ್ಕೂ ಎಲ್‌ಎಂ ಪರೀಕ್ಷೆ ಸಾರ್ಥಕ ಬಂದಾಗ ಯಾವ ಮಾದರಿ?

ಪ್ರಶ್ನೆ: 232 ಪ್ರಾದೇಶಿಕ ಘಟಕಗಳ ದತ್ತಾಂಶಕ್ಕೆ ಐದು ವಿವರಣಾ ಚರಗಳ ಓಎಲ್‌ಎಸ್ (ಸಾಮಾನ್ಯ ಲೀಸ್ಟ್ ಸ್ಕ್ವೇರ್ಸ್) ರಿಗ್ರೆಷನ್ ಹಾಕಿದ್ದೇನೆ. ಗಡಿ ಹಂಚಿಕೊಂಡವು ನೆರೆಯವು ಎಂಬ ಲೆಕ್ಕದಲ್ಲಿ ತೂಕದ ಮ್ಯಾಟ್ರಿಕ್ಸ್ ಮಾಡಿದ್ದೇನೆ, ಪ್ರತಿ ಸಾಲಿನ ಮೊತ್ತ 1. ಶೇಷಗಳ (ರಿಗ್ರೆಷನ್ ವಿವರಿಸದೆ ಉಳಿದ ಭಾಗದ) ಮೊರಾನ್ ಐ, ಅಂದರೆ ನೆರೆಯವು ಒಂದಕ್ಕೊಂದು ಎಷ್ಟು ಹೋಲುತ್ತವೆ ಎಂಬ ಅಳತೆ, ಸಾರ್ಥಕ (ಆಕಸ್ಮಿಕ ಎನ್ನಲಾಗದಷ್ಟು ದೊಡ್ಡದು) ಬಂತು. ಎಲ್‌ಎಂ (ಲಗ್ರಾಂಜ್ ಮಲ್ಟಿಪ್ಲಯರ್) ಪರೀಕ್ಷೆಗಳಲ್ಲಿ ಎಲ್‌ಎಂ-ಲ್ಯಾಗ್ 31.4, ಎಲ್‌ಎಂ-ಎರರ್ 44.9, ರೋಬಸ್ಟ್ ಲ್ಯಾಗ್ 5.2, ರೋಬಸ್ಟ್ ಎರರ್ 18.7. ಹತ್ತಿರದ ನಾಲ್ಕು ನೆರೆಯವು ಎಂಬ ಮ್ಯಾಟ್ರಿಕ್ಸ್ ಹಾಕಿದರೆ ರೋಬಸ್ಟ್ ಲ್ಯಾಗ್ ಮುಂದಾಗುತ್ತದೆ. ಶೇಷಗಳ ಹರಹು ಎಲ್ಲೆಡೆ ಒಂದೇ ಇದೆಯೇ ಎಂದು ನೋಡುವ ಬ್ರೂಶ್-ಪೇಗನ್ ಪರೀಕ್ಷೆಯ ಪಿ ಮೌಲ್ಯ 0.001. ಯಾವ ಮಾದರಿ ಆರಿಸಬೇಕು? ಆರಿಸಿದ ಮೇಲೆ ಇನ್ನೇನು ಪರೀಕ್ಷಿಸಬೇಕು?

ಉತ್ತರ: ರೋಬಸ್ಟ್ ಎರರ್ ದೊಡ್ಡದಿದೆ ಎಂದು ಎರರ್ ಮಾದರಿಗೆ ಹೋಗಬೇಡಿ. ಸದ್ಯಕ್ಕೆ ಯಾವುದಕ್ಕೂ ಹೋಗಬೇಡಿ. (ಲ್ಯಾಗ್ ಮಾದರಿಯಲ್ಲಿ ನೆರೆಯವುಗಳ ಅವಲಂಬಿತ ಚರವೇ ಇಲ್ಲಿನ ಮೌಲ್ಯದ ಮೇಲೆ ಪರಿಣಾಮ ಬೀರುತ್ತದೆ; ಎರರ್ ಮಾದರಿಯಲ್ಲಿ ವಿವರಿಸದೆ ಉಳಿದ ಭಾಗಗಳು ಮಾತ್ರ ನೆರೆಯವುಗಳೊಂದಿಗೆ ಕೂಡಿಕೊಂಡಿರುತ್ತವೆ.) ನಿಮ್ಮ ಸಂಖ್ಯೆಗಳು ಹೇಳುತ್ತಿರುವುದು ಒಂದೇ ಮಾತು: ಓಎಲ್‌ಎಸ್‌ನ ಶೇಷಗಳಲ್ಲಿ ಏನೋ ಉಳಿದಿದೆ. ಉಳಿದದ್ದು ಏನು ಎಂಬುದನ್ನು ಈ ಪರೀಕ್ಷೆಗಳು ಹೇಳಲಾರವು. ಪ್ರತಿಯೊಂದು ಪರೀಕ್ಷೆಯೂ ನೀವು ಕೊಟ್ಟ ತೂಕದ ಮ್ಯಾಟ್ರಿಕ್ಸನ್ನು ಸತ್ಯವೆಂದು ಒಪ್ಪಿಕೊಂಡು, ಅದರೊಳಗೆ ಒಂದೇ ಒಂದು ಸಣ್ಣ ಪ್ರಶ್ನೆ ಕೇಳುತ್ತದೆ. ಮ್ಯಾಟ್ರಿಕ್ಸ್ ತಪ್ಪಿದ್ದರೆ, ಚರವೊಂದು ಬಿಟ್ಟುಹೋಗಿದ್ದರೆ, ಶೇಷಗಳ ಹರಹು ಊರಿಂದ ಊರಿಗೆ ಬದಲಾಗುತ್ತಿದ್ದರೆ, ಆಗಲೂ ಅದೇ ‘ಸಾರ್ಥಕ’ ಎಂಬ ಉತ್ತರವೇ ಬರುತ್ತದೆ.

ಮೊದಲು ಮ್ಯಾಟ್ರಿಕ್ಸ್

ಪರೀಕ್ಷೆಗೆ ಮುಂಚೆ ಒಂದು ಗಂಟೆ ಇದಕ್ಕೆ ಕೊಡಿ. ಸದ್ದಿಲ್ಲದೆ ಎಲ್ಲವನ್ನೂ ಕೆಡಿಸುವ ದೋಷ ಸಾಲುಗಳ ಕ್ರಮದ್ದು. ನಕ್ಷೆಯ ಕಡತಕ್ಕೆ ಅಂಕಿಅಂಶದ ಕೋಷ್ಟಕ ಜೋಡಿಸುವಾಗ ಸಾಲುಗಳು ಅಕಾರಾದಿಯಾಗಿ ಮರುಜೋಡಣೆಗೊಳ್ಳುವುದುಂಟು. ಮ್ಯಾಟ್ರಿಕ್ಸ್ ಮಾತ್ರ ಹಳೆಯ ಕ್ರಮದಲ್ಲೇ ಇರುತ್ತದೆ. ಪ್ರೋಗ್ರಾಂ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಏಕೆಂದರೆ ಎರಡರ ಗಾತ್ರವೂ 232. ಪತ್ತೆಹಚ್ಚುವ ವಿಧಾನ ಸುಲಭ. ಒಂದು ಘಟಕ ಆರಿಸಿ, ಅದರ ನೆರೆಯವುಗಳ ಹೆಸರು ಮುದ್ರಿಸಿ ನಕ್ಷೆಯೊಂದಿಗೆ ತಾಳೆ ನೋಡಿ. ಆ ನೆರೆಯವುಗಳ ಅವಲಂಬಿತ ಚರದ ಸರಾಸರಿಯನ್ನು ಕೈಯಲ್ಲೇ ಲೆಕ್ಕಹಾಕಿ, ಪ್ರೋಗ್ರಾಂ ಕೊಟ್ಟ ಲ್ಯಾಗ್ ಮೌಲ್ಯದ ಪಕ್ಕದಲ್ಲಿಟ್ಟು ನೋಡಿ. ಮೂರು ಘಟಕಗಳಿಗೆ ಹೀಗೆ ಮಾಡಿದರೆ ಸಾಕು. ಮೌಲ್ಯ ಇಲ್ಲದ ಸಾಲುಗಳನ್ನು ರಿಗ್ರೆಷನ್ ತಾನಾಗಿ ಕೈಬಿಟ್ಟಿದ್ದರೆ, ಅದೇ ಘಟಕಗಳನ್ನು ತೆಗೆದು ಮ್ಯಾಟ್ರಿಕ್ಸನ್ನು ಮತ್ತೆ ಕಟ್ಟಬೇಕು.

ಎರಡನೆಯದು, ನೆರೆಯೇ ಇಲ್ಲದ ಘಟಕಗಳು. ಅವು ನಿಜವಾದ ದ್ವೀಪಗಳಿರಬಹುದು. ಅಥವಾ ಅಕ್ಕಪಕ್ಕದ ಎರಡು ಗಡಿರೇಖೆಗಳ ನಡುವೆ ಕೂದಲೆಳೆಯಷ್ಟು ಬಿರುಕು ಉಳಿದು, ಪ್ರೋಗ್ರಾಂ ಅವನ್ನು ‘ತಾಗುತ್ತಿಲ್ಲ’ ಎಂದು ಎಣಿಸಿರಬಹುದು. ಬಿರುಕಾದರೆ ತಾಗುವ ಅಂತರದ ಮಿತಿಯನ್ನು ಸ್ವಲ್ಪ ಸಡಿಲಿಸಿ. ನಿಜವಾದ ದ್ವೀಪವಾದರೆ ಹತ್ತಿರದ ಒಂದು ಘಟಕಕ್ಕೆ ಕೊಂಡಿ ಹಾಕಿ, ಹಾಗೆ ಮಾಡಿದ್ದನ್ನು ಬರಹದಲ್ಲಿ ಹೇಳಿ. ಆರ್ ತಂತ್ರಾಂಶದ ಎಸ್‌ಪಿಡೆಪ್ ಪ್ಯಾಕೇಜಿನಲ್ಲಿ ಇಂಥ ಘಟಕ ಸಿಕ್ಕರೆ ಸಾಮಾನ್ಯವಾಗಿ ಕೆಲಸ ನಿಲ್ಲುತ್ತದೆ. ಆ ತಡೆಯನ್ನು ಸುಮ್ಮನೆ ತೆಗೆದುಬಿಟ್ಟರೆ ದ್ವೀಪಗಳ ಲ್ಯಾಗ್ ಮೌಲ್ಯ 0 ಎಂದು ಒಳಗೆ ಸೇರುತ್ತದೆ. ಸರಾಸರಿ 50 ಇರುವ ಚರದಲ್ಲಿ 0 ಬಂದು ಕೂತರೆ ಆ ಬಿಂದು ಇಡೀ ಪರೀಕ್ಷೆಯನ್ನೇ ಎಳೆಯಬಲ್ಲದು.

‘ಹತ್ತಿರದ ನಾಲ್ಕು’ ಎಂಬ ನಿಮ್ಮ ಎರಡನೆಯ ಮ್ಯಾಟ್ರಿಕ್ಸ್‌ನಲ್ಲಿ ದೂರವನ್ನು ಅಕ್ಷಾಂಶ-ರೇಖಾಂಶದ ಡಿಗ್ರಿಗಳಲ್ಲೇ ಅಳೆದಿದ್ದೀರಾ ನೋಡಿ. ರೇಖಾಂಶದ ಒಂದು ಡಿಗ್ರಿ ಸಮಭಾಜಕದ ಬಳಿ ಸುಮಾರು 111 ಕಿ.ಮೀ.; 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ. ಡಿಗ್ರಿಗಳನ್ನು ಸಮತಟ್ಟಾದ ದೂರದಂತೆ ಬಳಸಿದರೆ ನೆರೆಯವೇ ಬದಲಾಗುತ್ತವೆ. ಲ್ಯಾಗ್-ಎರರ್ ಅದಲುಬದಲಾದದ್ದಕ್ಕೆ ಇಷ್ಟೇ ಕಾರಣವಾಗಿರಲೂಬಹುದು. ಇನ್ನೊಂದು ಮಾತು: ನೆರೆಯವುಗಳ ಸಂಖ್ಯೆ ಬಹಳ ಹೆಚ್ಚಾದರೆ ಎಲ್ಲರ ಲ್ಯಾಗ್ ಮೌಲ್ಯವೂ ಒಟ್ಟು ಸರಾಸರಿಯ ಹತ್ತಿರ ಬರುತ್ತದೆ, ಪರೀಕ್ಷೆಯ ಶಕ್ತಿ ಕುಸಿಯುತ್ತದೆ.

ಐದಾರು ಮ್ಯಾಟ್ರಿಕ್ಸ್ ಹಾಕಿ ಎಲ್‌ಎಂ ಅತಿ ದೊಡ್ಡದಾಗಿ ಬಂದದ್ದನ್ನು ಇಟ್ಟುಕೊಳ್ಳುವ ರೂಢಿ ಉಂಟು. ಹಾಗೆ ಆರಿಸಿದರೆ ಪಿ ಮೌಲ್ಯಕ್ಕೆ ಅರ್ಥ ಉಳಿಯುವುದಿಲ್ಲ. ವಿಷಯದ ತಿಳಿವಳಿಕೆಯಿಂದ ಒಂದನ್ನು ಮುಂಚೆಯೇ ಗೊತ್ತುಮಾಡಿ. ಉಳಿದವನ್ನು ಪಕ್ಕದಲ್ಲಿಟ್ಟು ತೋರಿಸಿ.

ಮೊರಾನ್ ಐ ಮತ್ತು ಎಲ್‌ಎಂ-ಎರರ್: ಒಂದೇ ಸಾಕ್ಷಿ, ಎರಡು ವೇಷ

ಇಲ್ಲಿ ಒಂದು ನಿಜವಾದ ದತ್ತಾಂಶವನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದ 49 ನೆರೆಹೊರೆಗಳ 1980ರ ಅಂಕಿಅಂಶ ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವಂಥದ್ದು. ಲ್ಯೂಕ್ ಆನ್ಸೆಲಿನ್ 1988ರಲ್ಲಿ ಬಳಸಿದ ಮೇಲೆ ಬಹುತೇಕ ಎಲ್ಲ ತಂತ್ರಾಂಶಗಳ ಜೊತೆಯಲ್ಲೂ ಬರುತ್ತದೆ. ಅವಲಂಬಿತ ಚರ ಸಾವಿರ ಮನೆಗಳಿಗೆ ಆದ ಮನೆಗಳ್ಳತನ ಮತ್ತು ವಾಹನ ಕಳವುಗಳ ಸಂಖ್ಯೆ. ವಿವರಣಾ ಚರಗಳು ಎರಡು: ಕುಟುಂಬದ ಆದಾಯ, ಮನೆಯ ಬೆಲೆ, ಎರಡೂ ಸಾವಿರ ಡಾಲರ್‌ಗಳಲ್ಲಿ. ಓಎಲ್‌ಎಸ್‌ನಲ್ಲಿ ಆದಾಯದ ಗುಣಾಂಕ −1.60, ಮನೆ ಬೆಲೆಯದು −0.27.

ಅಕ್ಕಪಕ್ಕದ ಮ್ಯಾಟ್ರಿಕ್ಸ್‌ನಲ್ಲಿ ಶೇಷಗಳ ಮೊರಾನ್ ಐ 0.2356. ಇದರ ನಿರೀಕ್ಷಿತ ಮೌಲ್ಯ −0.033, ಜ಼ಡ್ ಅಂಕ 2.95. ನಿರೀಕ್ಷಿತ ಮೌಲ್ಯವನ್ನು ಗಮನಿಸಿ. ಸಾಮಾನ್ಯ ಚರವೊಂದರ ಮೊರಾನ್‌ಗೆ ಅದು ಒಟ್ಟು ಸಂಖ್ಯೆಯಿಂದ 1 ಕಳೆದು ತೆಗೆದ ವಿಲೋಮದ ಋಣ ರೂಪ, ಇಲ್ಲಿ −0.021 ಆಗಬೇಕಿತ್ತು. ಶೇಷಗಳು ರಿಗ್ರೆಷನ್ ಮುಗಿದ ಮೇಲೆ ಉಳಿದವು, ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. ಆದ್ದರಿಂದ ನಿರೀಕ್ಷಿತ ಮೌಲ್ಯವೂ ಹರಹೂ ವಿವರಣಾ ಚರಗಳನ್ನು ಅವಲಂಬಿಸುತ್ತವೆ. ಈ ತಿದ್ದುಪಡಿಯನ್ನು ಕ್ಲಿಫ್ ಮತ್ತು ಆರ್ಡ್ 1972ರಲ್ಲೇ ಕೊಟ್ಟರು. ಹಾಗಿದ್ದರೂ ಶೇಷಗಳನ್ನು ಒಂದು ಕಾಲಂ ಆಗಿ ಉಳಿಸಿ, ಅದರ ಮೇಲೆ ಸಾಮಾನ್ಯ ಮೊರಾನ್ ಪರೀಕ್ಷೆ ಹಾಕುವುದು, ಇಲ್ಲವೇ ಶೇಷಗಳನ್ನು ಕಲಸಿ ಕಲಸಿ ಪಿ ಮೌಲ್ಯ ತೆಗೆಯುವುದು ಇಂದಿಗೂ ಕಾಣುತ್ತದೆ. ರಿಗ್ರೆಷನ್ ಶೇಷಗಳಿಗೆಂದೇ ಇರುವ ಪರೀಕ್ಷೆಯನ್ನು ಬಳಸಿ.

ಈಗ ಎಲ್‌ಎಂ-ಎರರ್. ಸಾಲಿನ ಮೊತ್ತ 1 ಇರುವ ಮ್ಯಾಟ್ರಿಕ್ಸ್‌ನಲ್ಲಿ ಇದನ್ನು ಕೈಯಲ್ಲೇ ಲೆಕ್ಕಹಾಕಬಹುದು: ಘಟಕಗಳ ಸಂಖ್ಯೆಯ ವರ್ಗವನ್ನು ಮೊರಾನ್ ಐ ವರ್ಗದಿಂದ ಗುಣಿಸಿ, ಮ್ಯಾಟ್ರಿಕ್ಸ್‌ನಿಂದ ಮಾತ್ರ ಬರುವ ಒಂದು ಸಂಖ್ಯೆಯಿಂದ ಭಾಗಿಸಬೇಕು. ಆ ಸಂಖ್ಯೆ ಬರುವುದು ಹೀಗೆ: ಎಲ್ಲ ತೂಕಗಳ ವರ್ಗಗಳ ಮೊತ್ತಕ್ಕೆ, ಪ್ರತಿ ತೂಕವನ್ನು ಅದರ ಎದುರು ದಿಕ್ಕಿನ ತೂಕದಿಂದ ಗುಣಿಸಿ ಬಂದ ಮೊತ್ತವನ್ನು ಕೂಡಿಸಬೇಕು. ಕೊಲಂಬಸ್‌ನಲ್ಲಿ ಅದು 23.29. ಅಂದರೆ 49ರ ವರ್ಗ 2401, ಅದಕ್ಕೆ 0.2356ರ ವರ್ಗದ ಗುಣಲಬ್ಧ 133.3, ಭಾಗಿಸಿದರೆ 5.72. ತಂತ್ರಾಂಶ ಕೊಡುವುದೂ ಇದೇ. ಹಾಗಾಗಿ ‘ಮೊರಾನ್ ಸಾರ್ಥಕ, ಎಲ್‌ಎಂ-ಎರರ್ ಕೂಡ ಸಾರ್ಥಕ’ ಎಂದು ಎರಡು ಸಾಕ್ಷಿಗಳಂತೆ ಬರೆಯಬೇಡಿ. ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಇನ್ನು, ಹೆಸರಿನಲ್ಲಿ ‘ಎರರ್’ ಇದ್ದರೂ ಲ್ಯಾಗ್ ಇದ್ದಾಗಲೂ ಈ ಪರೀಕ್ಷೆ ಮೇಲೇರುತ್ತದೆ. ಎಲ್‌ಎಂ-ಲ್ಯಾಗ್‌ನದೂ ಇದೇ ಕಥೆ.

ರೋಬಸ್ಟ್ ಪರೀಕ್ಷೆಗಳ ಮಿತಿ

ಈ ಗೊಂದಲ ಬಿಡಿಸಲೆಂದೇ ಆನ್ಸೆಲಿನ್, ಬೇರಾ, ಫ್ಲೋರಾಕ್ಸ್, ಯೂನ್ 1996ರಲ್ಲಿ ರೋಬಸ್ಟ್ ರೂಪಗಳನ್ನು ಕೊಟ್ಟರು. ರೋಬಸ್ಟ್ ಎರರ್ ಪರೀಕ್ಷೆ ಲ್ಯಾಗ್‌ನಿಂದ ಬಂದಿರಬಹುದಾದ ಪಾಲನ್ನು ಕಳೆದು ನೋಡುತ್ತದೆ. ರೋಬಸ್ಟ್ ಲ್ಯಾಗ್ ಇದರ ತಿರುಗುಮುರುಗು. ಕೊಲಂಬಸ್‌ನಲ್ಲಿ ಎಲ್‌ಎಂ-ಲ್ಯಾಗ್ 9.36, ಎಲ್‌ಎಂ-ಎರರ್ 5.72, ರೋಬಸ್ಟ್ ಲ್ಯಾಗ್ 3.72, ರೋಬಸ್ಟ್ ಎರರ್ 0.08. ಒಂದು ಸ್ವಾತಂತ್ರ್ಯ ಮಟ್ಟದ ಕೈ-ವರ್ಗದಲ್ಲಿ ಶೇ. 5ರ ಗಡಿ 3.84. ಎರರ್ ಪೂರ್ತಿ ಕರಗಿಹೋಯಿತು; ಲ್ಯಾಗ್ ಗಡಿಯ ಹತ್ತಿರ ನಿಂತಿತು, ಪಿ ಮೌಲ್ಯ 0.054. ಹೀಗೆ ಒಂದು ಕರಗಿ ಇನ್ನೊಂದು ನಿಂತಾಗ ದಿಕ್ಕು ಸ್ಪಷ್ಟ.

ನಿಮ್ಮ ಉತ್ತರ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಒಂದು ಲೆಕ್ಕವಿದೆ. ಎಲ್‌ಎಂ-ಲ್ಯಾಗ್‌ಗೆ ರೋಬಸ್ಟ್ ಎರರ್ ಕೂಡಿಸಿದರೂ, ಎಲ್‌ಎಂ-ಎರರ್‌ಗೆ ರೋಬಸ್ಟ್ ಲ್ಯಾಗ್ ಕೂಡಿಸಿದರೂ ಎರಡನ್ನೂ ಒಟ್ಟಿಗೆ ನೋಡುವ ಪರೀಕ್ಷೆಯ ಮೌಲ್ಯವೇ ಬರಬೇಕು. ನಿಮ್ಮಲ್ಲಿ 31.4 ಮತ್ತು 18.7 ಸೇರಿ 50.1, 44.9 ಮತ್ತು 5.2 ಸೇರಿಯೂ 50.1. ಲೆಕ್ಕ ಸರಿಯಿದೆ.

ಆದರೆ ರೋಬಸ್ಟ್ ತಿದ್ದುಪಡಿ ‘ಸ್ಥಳೀಯ’ವಾದದ್ದು. ಪಕ್ಕಕ್ಕಿಟ್ಟ ನಿಯತಾಂಕ ಸೊನ್ನೆಗೆ ಹತ್ತಿರವಿದ್ದಾಗ ಮಾತ್ರ ಅದು ಸರಿಯಾಗಿ ಕಳೆಯುತ್ತದೆ. ಎಲ್‌ಎಂ ಮೌಲ್ಯ 30, 40 ಬಂದಿರುವಲ್ಲಿ ನಿಯತಾಂಕ ಸಣ್ಣದೆಂದು ಹೇಳುವಂತಿಲ್ಲ. ಕಳೆಯಬೇಕಾದದ್ದರಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಆದ್ದರಿಂದ ಎರಡೂ ರೋಬಸ್ಟ್ ಸಾರ್ಥಕವಾದಾಗ ‘ದೊಡ್ಡದನ್ನು ಹಿಡಿ’ ಎಂಬ ಸೂತ್ರ ನನಗೆ ದುರ್ಬಲವೆನಿಸುತ್ತದೆ. ಎರಡೂ ಸಾರ್ಥಕವಾಗುವುದು ಹೆಚ್ಚು ಸಲ ಹೇಳುವುದು, ಒಂದೇ ನಿಯತಾಂಕದ ಯಾವ ಮಾದರಿಯೂ ಸಾಲದು ಎಂದು. ಸಾಮಾನ್ಯ ಕಾರಣಗಳು ಇವು: ನೆರೆಯವುಗಳ ವಿವರಣಾ ಚರಗಳೇ ಇಲ್ಲಿ ಪರಿಣಾಮ ಬೀರುತ್ತಿದ್ದು ಅವನ್ನು ಬಿಟ್ಟಿರುವುದು, ಉತ್ತರದಿಂದ ದಕ್ಷಿಣಕ್ಕೆ ಇಳಿಯುವಂಥ ಒಟ್ಟು ಒಲವನ್ನು ಹಿಡಿಯದಿರುವುದು, ಸಂಬಂಧ ವಕ್ರವಾಗಿದ್ದರೂ ಸರಳರೇಖೆ ಹಾಕಿರುವುದು, ಹರಹಿನ ಅಸಮತೆ.

ಬ್ರೂಶ್-ಪೇಗನ್‌ನ 0.001 ಏನು ಹೇಳುತ್ತದೆ

ಎಲ್‌ಎಂ ಪರೀಕ್ಷೆಗಳೆಲ್ಲ ಶೇಷಗಳ ಹರಹು ಎಲ್ಲೆಡೆ ಒಂದೇ ಎಂದು ಊಹಿಸಿಕೊಂಡಿವೆ. ಅದು ಮುರಿದರೆ ಅವುಗಳ ಪಿ ಮೌಲ್ಯವನ್ನು ಅಕ್ಷರಶಃ ನಂಬಲಾಗದು. ತಿರುಗಿ ನೋಡಿದರೆ, ಪ್ರಾದೇಶಿಕ ಅವಲಂಬನೆ ಇದ್ದಾಗ ಬ್ರೂಶ್-ಪೇಗನ್ ಕೂಡ ತಪ್ಪು ಎಚ್ಚರಿಕೆ ಕೊಡಬಲ್ಲದು. ಎರಡೂ ಒಂದನ್ನೊಂದು ಕಲಕುತ್ತವೆ. ಶೇಷಗಳ ಹಂಚಿಕೆ ಸಾಮಾನ್ಯ ವಕ್ರರೇಖೆಯಂತೆ ಇಲ್ಲದಿದ್ದರೆ ಬ್ರೂಶ್-ಪೇಗನ್‌ನ ಬದಲು ಕೋಂಕರ್-ಬ್ಯಾಸೆಟ್ ರೂಪ ನೋಡಿ. ಉದ್ದ ಬಾಲದ ಶೇಷಗಳಿಗೆ ಅದು ಅಷ್ಟಾಗಿ ಅಂಜುವುದಿಲ್ಲ.

ಪ್ರಾದೇಶಿಕ ದತ್ತಾಂಶದಲ್ಲಿ ಈ ಅಸಮತೆಯ ಮೂಲ ಹಲವು ಸಲ ತೀರಾ ಸರಳ: ಘಟಕಗಳ ಗಾತ್ರ. ಅವಲಂಬಿತ ಚರ ದರವಾಗಿದ್ದರೆ, 2,000 ಜನರ ಘಟಕದ ದರ 5 ಲಕ್ಷ ಜನರ ಘಟಕದ ದರಕ್ಕಿಂತ ಸಹಜವಾಗಿಯೇ ಹೆಚ್ಚು ಅಲುಗಾಡುತ್ತದೆ. ಶೇಷಗಳ ವರ್ಗವನ್ನು ಜನಸಂಖ್ಯೆಯ ಎದುರು ಚುಕ್ಕಿ ಹಾಕಿ ನೋಡಿ. ಆಲಿಕೆಯ ಆಕಾರ ಕಂಡರೆ ಲಾಗರಿದಮ್ ತೆಗೆದು ಅಥವಾ ಜನಸಂಖ್ಯೆಯ ತೂಕ ಕೊಟ್ಟು ಓಎಲ್‌ಎಸ್ ಮತ್ತೆ ಹಾಕಿ, ನಂತರವೇ ಎಲ್‌ಎಂ ಪರೀಕ್ಷೆಗಳಿಗೆ ಮರಳಿ. 44.9 ಇದ್ದದ್ದು ಅರ್ಧಕ್ಕೆ ಇಳಿದರೂ ಅಚ್ಚರಿಯಿಲ್ಲ. ಅಷ್ಟಾದರೂ ಅಸಮತೆ ಹೋಗದಿದ್ದರೆ ಅದನ್ನು ತಾಳಿಕೊಳ್ಳುವ ಪರೀಕ್ಷೆ ಬೇಕು. ಬಾರ್ನ್ ಮತ್ತು ಬ್ರೈಟುಂಗ್ 2011ರಲ್ಲಿ ಕೊಟ್ಟದ್ದು ಅಂಥದ್ದು. ಅಂದಾಜಿನ ಹಂತದಲ್ಲಿ ಕೆಲೆಜಿಯನ್ ಮತ್ತು ಪ್ರುಚಾ ಅವರ 2010ರ ಜಿಎಂಎಂ (ಜನರಲೈಸ್ಡ್ ಮೆಥಡ್ ಆಫ್ ಮೊಮೆಂಟ್ಸ್) ವಿಧಾನ ಹಿಡಿಯಿರಿ. ಮ್ಯಾಕ್ಸಿಮಂ ಲೈಕ್ಲಿಹುಡ್ ಅಂದಾಜು ಅಸಮ ಹರಹಿನಡಿ ಸ್ಟಾಂಡರ್ಡ್ ಎರರನ್ನಷ್ಟೇ ಅಲ್ಲ, ಗುಣಾಂಕಗಳನ್ನೂ ಓರೆಯಾಗಿಸಬಹುದು.

ನಿಮಗೆ ಸೂಚಿಸುವ ದಾರಿ

ದತ್ತಾಂಶ ತೊಳೆದಾಯಿತು, ಮ್ಯಾಟ್ರಿಕ್ಸ್ ಖಾತ್ರಿಯಾಯಿತು, ಹರಹು ಆದಷ್ಟು ಸಮವಾಯಿತು ಎನ್ನಿ. ಆಗಲೂ ನಾಲ್ಕೂ ಸಾರ್ಥಕ ಬಂದರೆ ಸ್ಪೇಷಿಯಲ್ ಡರ್ಬಿನ್ ಮಾದರಿಯನ್ನು ಅಂದಾಜು ಮಾಡಿ. ಅವಲಂಬಿತ ಚರದ ಲ್ಯಾಗ್ ಜೊತೆಗೆ ಐದೂ ವಿವರಣಾ ಚರಗಳ ಲ್ಯಾಗ್‌ಗಳು ಇದರಲ್ಲಿರುತ್ತವೆ. ಲ್ಯಾಗ್ ಮಾದರಿ, ಎರರ್ ಮಾದರಿ ಎರಡೂ ಇದರೊಳಗೇ ಅಡಗಿವೆ. ಹಾಗಾಗಿ ಇಲ್ಲಿಂದ ಕೆಳಗಿಳಿಯುತ್ತ ಪರೀಕ್ಷಿಸಬಹುದು. ಚರಗಳ ಲ್ಯಾಗ್ ಗುಣಾಂಕಗಳೆಲ್ಲ ಸೊನ್ನೆಯೇ ಎಂದು ಕೇಳಿದರೆ ಲ್ಯಾಗ್ ಮಾದರಿಯ ಪರೀಕ್ಷೆ. ಪ್ರತಿ ಲ್ಯಾಗ್ ಗುಣಾಂಕವೂ ರೋ (ಅವಲಂಬಿತ ಚರದ ಲ್ಯಾಗ್‌ನ ಗುಣಾಂಕ) ಮತ್ತು ಮೂಲ ಗುಣಾಂಕದ ಗುಣಲಬ್ಧದ ಋಣಕ್ಕೆ ಸಮವೇ ಎಂದು ಕೇಳಿದರೆ ಎರರ್ ಮಾದರಿಯ ಪರೀಕ್ಷೆ. ಇದನ್ನು ಕಾಮನ್ ಫ್ಯಾಕ್ಟರ್ ಪರೀಕ್ಷೆ ಎನ್ನುತ್ತಾರೆ. ಎರಡಕ್ಕೂ ಲೈಕ್ಲಿಹುಡ್ ರೇಶಿಯೊ ಸಾಕು: ಲಾಗ್ ಲೈಕ್ಲಿಹುಡ್‌ಗಳ ವ್ಯತ್ಯಾಸದ ಎರಡರಷ್ಟು, ನಿಮ್ಮಲ್ಲಿ 5 ಸ್ವಾತಂತ್ರ್ಯ ಮಟ್ಟ, ಶೇ. 5ರ ಗಡಿ 11.07. ಮೂರೂ ಮಾದರಿಗಳಿಗೆ ಒಂದೇ ಮ್ಯಾಟ್ರಿಕ್ಸ್, ಅದೇ 232 ಸಾಲು ಇರಲೇಬೇಕು.

ಈ ವಿಧಾನವೂ ಎಲ್ಲವನ್ನೂ ತೀರ್ಮಾನಿಸದು. ಕೊಲಂಬಸ್‌ನಲ್ಲಿ ಲಾಗ್ ಲೈಕ್ಲಿಹುಡ್ ಲ್ಯಾಗ್ ಮಾದರಿಗೆ −182.39, ಎರರ್‌ಗೆ −183.38, ಡರ್ಬಿನ್‌ಗೆ −181.39. ಲ್ಯಾಗ್‌ಗೆ ಇಳಿಯುವ ಪರೀಕ್ಷೆ ಸುಮಾರು 2.0, ಎರರ್‌ಗೆ ಇಳಿಯುವುದು ಸುಮಾರು 4.0. ಅಲ್ಲಿ ವಿವರಣಾ ಚರಗಳು ಎರಡೇ ಆದ್ದರಿಂದ ಗಡಿ 5.99. ಎರಡನ್ನೂ ತಿರಸ್ಕರಿಸಲಾಗದು. 49 ವೀಕ್ಷಣೆಗಳಿಗೆ ಅಷ್ಟು ಬೇರ್ಪಡಿಸುವ ಬಲವಿಲ್ಲ. ನಿಮ್ಮ 232ರಲ್ಲೂ ಹೀಗೇ ಆದರೆ ಅದನ್ನು ಹಾಗೆಯೇ ಬರೆಯುವುದು ಪ್ರಾಮಾಣಿಕ. ಎರಡೂ ಮಾದರಿಗಳ ಫಲಿತಾಂಶ ಪಕ್ಕಪಕ್ಕ ಕೊಡಿ.

ಓಎಲ್‌ಎಸ್‌ನಿಂದ ಮೇಲೇರುವುದೋ, ಡರ್ಬಿನ್‌ನಿಂದ ಕೆಳಗಿಳಿಯುವುದೋ ಎಂಬ ವಾದ ಹಳೆಯದು. ಫ್ಲೋರಾಕ್ಸ್, ಫೋಲ್ಮರ್, ರೇ 2003ರಲ್ಲಿ ಸಿಮ್ಯುಲೇಷನ್ ಮಾಡಿ ಮೇಲೇರುವ ಎಲ್‌ಎಂ ದಾರಿಯೇ ಉತ್ತಮವೆಂದು ಕಂಡರು. ಲೆಸೇಜ್ ಮತ್ತು ಪೇಸ್ ಡರ್ಬಿನ್ ಪರವಾಗಿದ್ದಾರೆ. ರೋಬಸ್ಟ್ ಪರೀಕ್ಷೆಗಳಲ್ಲಿ ಒಂದು ಮಾತ್ರ ನಿಂತಾಗ ಮೇಲೇರುವುದು ಸರಿ, ಎರಡೂ ನಿಂತಾಗ ಇಳಿಯುವುದು ಸರಿ ಎಂಬುದು ನನ್ನ ನಿಲುವು.

ಎರರ್ ಮಾದರಿಯೇ ಉಳಿದರೆ ಪೇಸ್-ಲೆಸೇಜ್ ಅವರ 2008ರ ಹೌಸ್‌ಮನ್ ಪರೀಕ್ಷೆಯನ್ನೂ ಹಾಕಿ. ಎರರ್ ಮಾದರಿ ನಿಜವಾದರೆ ಓಎಲ್‌ಎಸ್ ಗುಣಾಂಕಗಳೂ ಅದರ ಗುಣಾಂಕಗಳೂ ಸರಿಸುಮಾರು ಒಂದೇ ಇರಬೇಕು. ಸ್ಟಾಂಡರ್ಡ್ ಎರರ್ ಮಾತ್ರ ಬದಲಾಗಬೇಕು. ಗುಣಾಂಕಗಳೇ ಅತ್ತಿತ್ತ ಹೋಗಿದ್ದರೆ ಏನೋ ಬಿಟ್ಟುಹೋಗಿದೆ.

ಮಾದರಿ ಹಾಕಿದ ಮೇಲೆ

ಲ್ಯಾಗ್ ಮಾದರಿಯ ಶೇಷಗಳಲ್ಲಿ ಇನ್ನೂ ಅವಲಂಬನೆ ಉಳಿದಿದೆಯೇ ಎಂದು ನೋಡಲೇಬೇಕು. ಮ್ಯಾಕ್ಸಿಮಂ ಲೈಕ್ಲಿಹುಡ್‌ನಲ್ಲಿ ಅಂದಾಜಿಸಿದ್ದರೆ ಅದಕ್ಕೆಂದೇ ಇರುವ ಎಲ್‌ಎಂ ಪರೀಕ್ಷೆ ಫಲಿತಾಂಶದ ಕೊನೆಯಲ್ಲಿ ಬರುತ್ತದೆ, ಕೊಲಂಬಸ್‌ನಲ್ಲಿ 0.32, ಪಿ ಮೌಲ್ಯ 0.57, ಏನೂ ಉಳಿದಿಲ್ಲ. ಎರಡು ಹಂತದ ಲೀಸ್ಟ್ ಸ್ಕ್ವೇರ್ಸ್ ಬಳಸಿದ್ದರೆ ಆನ್ಸೆಲಿನ್-ಕೆಲೆಜಿಯನ್ ಪರೀಕ್ಷೆ ಬೇಕು. ಓಎಲ್‌ಎಸ್ ಶೇಷಗಳಿಗೆ ಮಾಡಿದ ಮೊರಾನ್ ಪರೀಕ್ಷೆಯನ್ನು ಇಲ್ಲಿ ಹಾಕಿದರೆ ಅದರ ಹರಹಿನ ಸೂತ್ರ ಹೊಂದುವುದಿಲ್ಲ.

ರೋ ಸೊನ್ನೆಯೇ ಎಂಬುದಕ್ಕೆ ಮೂರು ಪರೀಕ್ಷೆಗಳಿವೆ: ವಾಲ್ಡ್, ಲೈಕ್ಲಿಹುಡ್ ರೇಶಿಯೊ, ಎಲ್‌ಎಂ. ಮಾದರಿ ಸರಿಯಿದ್ದರೆ ಸಣ್ಣ ದತ್ತಾಂಶದಲ್ಲಿ ಇವು ಇದೇ ಕ್ರಮದಲ್ಲಿ ಇಳಿಯಬೇಕು. ಕೊಲಂಬಸ್‌ನಲ್ಲಿ 13.4, 9.97, 9.36. ನಿಮ್ಮಲ್ಲಿ ಎಲ್‌ಎಂ ಎಲ್ಲಕ್ಕಿಂತ ದೊಡ್ಡದಾಗಿ, ವಾಲ್ಡ್ ಚಿಕ್ಕದಾಗಿ ಬಂದರೆ ಮಾದರಿಯ ಬೇರೆ ಯಾವುದೋ ಭಾಗ ಕೆಟ್ಟಿದೆ ಎಂದು ತಿಳಿಯಿರಿ. ಸಾಲಿನ ಮೊತ್ತ 1 ಇರುವಾಗ ರೋ 1ನ್ನು ಮೀರಿದರೂ ಹಾಗೆಯೇ. ಮ್ಯಾಕ್ಸಿಮಂ ಲೈಕ್ಲಿಹುಡ್ ಅದನ್ನು ತಡೆಯುತ್ತದೆ, ಎರಡು ಹಂತದ ವಿಧಾನ ತಡೆಯುವುದಿಲ್ಲ.

ಕೊನೆಗೆ, ಲ್ಯಾಗ್ ಅಥವಾ ಡರ್ಬಿನ್ ಮಾದರಿಯ ಗುಣಾಂಕದ ಪಕ್ಕದ ನಕ್ಷತ್ರ ಚಿಹ್ನೆಯನ್ನು ಪರಿಣಾಮದ ಪರೀಕ್ಷೆಯಂತೆ ಓದಬೇಡಿ. ಒಂದು ಕಡೆಯ ಬದಲಾವಣೆ ನೆರೆಯವುಗಳಿಗೆ ಹೋಗಿ ಮತ್ತೆ ಮರಳುತ್ತದೆ. ಕೊಲಂಬಸ್‌ನ ಲ್ಯಾಗ್ ಮಾದರಿಯಲ್ಲಿ ರೋ 0.43, ಆದಾಯದ ಗುಣಾಂಕ −1.03, ನೇರ ಪರಿಣಾಮ −1.09, ಪರೋಕ್ಷ −0.73, ಒಟ್ಟು −1.81. ಓಎಲ್‌ಎಸ್‌ನ −1.60ಕ್ಕೆ ಹೋಲಿಸಬೇಕಾದದ್ದು ಈ ಒಟ್ಟನ್ನು. ಮನೆ ಬೆಲೆಗೆ ನೇರ −0.28, ಪರೋಕ್ಷ −0.19. ಎರಡೂ ಚರಗಳಲ್ಲಿ ಪರೋಕ್ಷವು ನೇರದ 0.67ರಷ್ಟೇ ಇದೆ. ಇದು ದತ್ತಾಂಶ ಹೇಳಿದ್ದಲ್ಲ, ಲ್ಯಾಗ್ ಮಾದರಿ ಹೇರುವ ಕಟ್ಟು: ಎಲ್ಲ ಚರಗಳಿಗೂ ಒಂದೇ ಅನುಪಾತ. ನಿಮ್ಮ ಐದು ಚರಗಳು ಒಂದೇ ಅನುಪಾತದಲ್ಲಿ ಗಡಿ ದಾಟುತ್ತವೆಂದು ನಂಬಲು ಕಾರಣವಿಲ್ಲದಿದ್ದರೆ ಡರ್ಬಿನ್‌ನಲ್ಲೇ ಉಳಿಯಲು ಅದೊಂದೇ ಸಾಕು. ಪರಿಣಾಮಗಳ ಸಾರ್ಥಕತೆಯನ್ನು ಸಿಮ್ಯುಲೇಷನ್‌ನಿಂದ ತೆಗೆಯಿರಿ: ಅಂದಾಜಾದ ನಿಯತಾಂಕಗಳ ಹಂಚಿಕೆಯಿಂದ 1,000 ಅಥವಾ ಹೆಚ್ಚು ಸಲ ಎತ್ತಿ, ಪ್ರತಿ ಸಲವೂ ನೇರ, ಪರೋಕ್ಷ, ಒಟ್ಟು ಲೆಕ್ಕಹಾಕಿ, ಮಧ್ಯದ ಶೇ. 95ರ ವ್ಯಾಪ್ತಿ ಕೊಡಿ. ಪರೋಕ್ಷ ಪರಿಣಾಮದ ವ್ಯಾಪ್ತಿ ಸಾಮಾನ್ಯವಾಗಿ ಅಗಲವಾಗಿಯೇ ಬರುತ್ತದೆ. ಅದು ಸೊನ್ನೆಯನ್ನು ದಾಟಿದರೆ, ರೋ ಎಷ್ಟೇ ಸಾರ್ಥಕವಿದ್ದರೂ, ‘ನೆರೆಯವುಗಳಿಗೆ ಹರಿಯುತ್ತದೆ’ ಎಂದು ಆ ಚರದ ಬಗ್ಗೆ ಬರೆಯಲಾಗದು.